ತೊಟ್ಟಿಮನೆ ಕೊಳ್ಳುವ ಮುನ್ನ ಮನೆತನವನ್ನು ಓದಿ

ಶ್ರೀರಂಗಪಟ್ಟಣ, ಪಾಂಡವಪುರ, ತಿ. ನರಸೀಪುರ ಸುತ್ತಿನ ಹಳೆಯ ಊರುಗಳಲ್ಲಿ ಬೀಗ ಬಿದ್ದ ತೊಟ್ಟಿಮನೆಗಳು ಇನ್ನೂ ಉಳಿದಿವೆ. ಅಂಥದ್ದೊಂದನ್ನು ಕೊಂಡು, ದುರಸ್ತಿ ಮಾಡಿ ಹೋಂಸ್ಟೇ ನಡೆಸಬೇಕೆಂದು ಹೊರಡುವವರು ಮೊದಲು ತಡವಿ ನೋಡುವುದು ಕಂಬದ ಕೆತ್ತನೆಯನ್ನು. ಕಂಬ ಕೊಳೆತು ಲಡ್ಡಾಗಿದ್ದರೆ ಬಡಗಿ ಸಿಗುತ್ತಾನೆ. ಪಾಲುದಾರರಲ್ಲಿ ಒಬ್ಬರು ಸಹಿ ಹಾಕದಿದ್ದರೆ ಅದಕ್ಕೆ ಮದ್ದಿಲ್ಲ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ವಂಶವೃಕ್ಷದಿಂದ.

ಮೊದಲು ಸಹಿಗಳು

ಇಂಥ ಮನೆಗಳು ಹೆಚ್ಚಾಗಿ ಅವಿಭಕ್ತ ಕುಟುಂಬದ ಸ್ವತ್ತು. ಖಾತೆ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಮಾತಿಗೆ ಬರುವವರು ಹಿರಿಯ ಮೊಮ್ಮಗ ಒಬ್ಬರೇ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿಕೊಡಲು ಹೇಳಿ, ಅದರಲ್ಲಿರುವ ಪ್ರತಿ ಹೆಸರನ್ನೂ ಊರಿನ ಹಿರಿಯರ ಬಳಿ ತಾಳೆ ನೋಡಿ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಇಲ್ಲಿಯೇ. ‘ಅಕ್ಕತಂಗಿಯರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ತಿದ್ದುಪಡಿಗೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಮೈಸೂರಿನಲ್ಲಿರುವ ಅತ್ತೆ, ಮುಂಬೈಯಲ್ಲಿರುವ ತಂಗಿ, ತೀರಿಕೊಂಡ ತಮ್ಮನ ಹೆಂಡತಿ ಮಕ್ಕಳು, ಎಲ್ಲರೂ ಕ್ರಯಪತ್ರಕ್ಕೆ ಬರಬೇಕು. ಅಪ್ರಾಪ್ತ ವಯಸ್ಕರಿದ್ದರೆ ವಕೀಲರನ್ನು ಕೇಳದೆ ಮುಂಗಡ ಕೊಡಬೇಡಿ.

ಬಾಯಿಮಾತಿನ ಪಾಲು ಇನ್ನೊಂದು ತೊಡಕು. ‘ಪಡಸಾಲೆ ದೊಡ್ಡಪ್ಪನದು, ಹಿತ್ತಲು ನಮ್ಮದು’ ಎಂದು ಮೂವತ್ತು ವರ್ಷ ನಡೆದುಬಂದಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತೆಗೆಯಬಹುದು. 2004ರ ಏಪ್ರಿಲ್‌ಗಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಅರ್ಜಿ ಹಾಕಬೇಕು. ಊರಿನ ಸಹಕಾರ ಸಂಘದಲ್ಲಿ ಸಾಲ ಇದೆಯೇ ಎಂದೂ ವಿಚಾರಿಸಿ. ಆ ಭಾಗದಲ್ಲಿ ಜನ ಓದುವ ಪತ್ರಿಕೆಯಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಕೊಟ್ಟರೆ ಯಾರೂ ಹೇಳದ ಪಾಲುದಾರರು ತಾವಾಗಿಯೇ ಬಂದು ನಿಲ್ಲುತ್ತಾರೆ. ಈಗ ಬಂದರೆ ಒಳ್ಳೆಯದು, ಹೆಂಚು ಹೊದಿಸಿದ ಮೇಲೆ ಬರುವುದು ಬೇಡ.

ವಕೀಲರೂ ಮರೆಯುವ ಒಂದು ವಿಷಯವಿದೆ. ಮನೆದೇವರ ಕೋಣೆ. ವರ್ಷಕ್ಕೊಮ್ಮೆ ಇಡೀ ಮನೆತನ ಅಲ್ಲಿ ಸೇರಿ ಪೂಜೆ ಮಾಡುತ್ತಿದ್ದರೆ, ಅದು ಮುಂದುವರಿಯುತ್ತದೆಯೇ ಇಲ್ಲವೇ ಎಂಬುದನ್ನು ಕೊಳ್ಳುವ ಮೊದಲೇ ಮಾತಾಡಿ, ಒಪ್ಪಿದ್ದನ್ನು ಬರೆಸಿ. ನನ್ನನ್ನು ಕೇಳಿದರೆ, ಆ ಒಂದು ದಿನ ಅವರಿಗೆ ಬಿಟ್ಟುಕೊಡುವುದೇ ಸರಿ. ಊರಿನವರು ಹೊಸಬರನ್ನು ಅಳೆಯುವುದು ಇಂಥದ್ದರಲ್ಲೇ.

ಜಾಗದ ಕಾಗದ

ಗ್ರಾಮಠಾಣಾದೊಳಗಿನ, ಅಂದರೆ ಊರಿನ ವಸತಿ ಜಾಗದೊಳಗಿನ ಮನೆಗೆ ಪಹಣಿ ಇರುವುದಿಲ್ಲ. ಪಂಚಾಯಿತಿಯ ಇ–ಸ್ವತ್ತು ನಮೂನೆ 9 ಮತ್ತು 11ಎ ಬೇಕು. ಅದರಲ್ಲಿರುವ ಅಳತೆ, ಚಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ) ಟೇಪು ಹಿಡಿದು ನೋಡಿ. ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡಿದ್ದರೆ, ನಿಮ್ಮ ಸೂರಿನ ನೀರು ಅವರ ಓಣಿಗೆ ಬೀಳುತ್ತಿದ್ದರೆ, ಜಗಳ ಅಲ್ಲೇ ಕಾದಿದೆ ಎಂದುಕೊಳ್ಳಿ. ಹಿತ್ತಲಿಗೆ ಬೇರೆ ಸರ್ವೆ ನಂಬರು ಇದ್ದು ಅದು ಕೃಷಿ ಜಮೀನಾಗಿದ್ದರೆ, ಅಲ್ಲಿ ಕಾಟೇಜು ಕಟ್ಟಲು ಭೂಪರಿವರ್ತನೆ ಆಗಬೇಕು. ಬಜೆಟ್ಟಿನಲ್ಲಿ ಸಾಮಾನ್ಯವಾಗಿ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು 2025ರ ಆಗಸ್ಟ್ ಅಂತ್ಯದಿಂದ ಶೇ 1ರಿಂದ 2ಕ್ಕೆ ಏರಿರುವ ನೋಂದಣಿ ಶುಲ್ಕ ಸೇರಿರಲಿ.

ಶ್ರೀರಂಗಪಟ್ಟಣ, ಸೋಮನಾಥಪುರದಂಥ ಕಡೆ ಇನ್ನೊಂದು ಎಚ್ಚರಿಕೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡವೇ ಆಗದು. ದುರಸ್ತಿಗೂ ಅನುಮತಿ ಬೇಕು.

ಮಳೆಯಲ್ಲಿ ನೋಡಿ

ಮಾರುವವರು ಬೇಸಿಗೆಯಲ್ಲಿ ತೋರಿಸುತ್ತಾರೆ. ನೀವು ಹಿಂಗಾರಿನಲ್ಲಿ, ಜೋರು ಮಳೆ ಬಿದ್ದ ಮರುದಿನ ಹೋಗಿ. ಹೆಂಚು ಸೋರುವುದು ದೊಡ್ಡದಲ್ಲ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವಲ್ಲಿ ಉಳಿಯಿಂದ ತಟ್ಟಿ: ಗೆದ್ದಲೂ ಕೊಳೆತವೂ ಅಡಗುವುದು ಅಲ್ಲೇ. ತೊಟ್ಟಿಯ ನೀರು ಹೊರಹೋಗುವ ಮೋರಿ ಕಟ್ಟಿಕೊಂಡಿದೆಯೇ, ಗೋಡೆಯ ಬುಡ ಎಷ್ಟೆತ್ತರಕ್ಕೆ ತೇವವಾಗಿದೆ ಎಂದು ಗಮನಿಸಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ, ಸುತ್ತ ಗದ್ದೆ ಇದ್ದರಂತೂ, ಈ ತೇವ ನೆಲದಿಂದಲೇ ಏರುತ್ತದೆ.

ಇದಕ್ಕೆ ಸಿಕ್ಕ ಸಿಕ್ಕ ಮೇಸ್ತ್ರಿ ಹೇಳುವ ಪರಿಹಾರ ಸಿಮೆಂಟು. ಹಳೆಯ ಮಣ್ಣಿನ ಗೋಡೆಗೆ ಅದೇ ಶತ್ರು. ಮಣ್ಣು, ಹಸಿ ಇಟ್ಟಿಗೆ, ಸುಣ್ಣದ ಗೋಡೆ ಹೀರಿದ ತೇವವನ್ನು ಮೈಯಿಂದಲೇ ಹೊರಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಉಳಿದು, ಇನ್ನೂ ಮೇಲಕ್ಕೇರಿ, ಕೆಲವೇ ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಬೇಕಾದದ್ದು ಗಾರೆ: ಅರಳಿಸಿ ವಾರಗಟ್ಟಲೆ ನೆನೆಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಮೈಸೂರಿನ ಪಾರಂಪರಿಕ ಕಟ್ಟಡಗಳಲ್ಲಿ ಕೆಲಸ ಮಾಡಿದ ಗಾರೆಯವರನ್ನು ಹುಡುಕಿ, ಅವರು ಮುಗಿಸಿದ ಒಂದು ಗೋಡೆಯನ್ನು ನೋಡಿಯೇ ಒಪ್ಪಿಸಿ. ಗಿಲಾವು ಕೆರೆಯುವ ಮೊದಲೇ ಚದರಡಿಗೆ ಇಷ್ಟು ಎನ್ನುವ ಗುತ್ತಿಗೆದಾರರನ್ನು ಮಾತ್ರ ನಂಬಬೇಡಿ.

ತೊಟ್ಟಿಯ ಮೇಲೆ ಗಾಜಿನ ಮಾಡು ಹಾಕಿಸುವ ಆಸೆ ಅನೇಕರಿಗೆ. ಬಿಸಿ ಗಾಳಿ ಹೊರಹೋಗುವ ದಾರಿಯೇ ಆ ತೆರೆದ ಜಾಗ. ಮುಚ್ಚಿದರೆ ಎಲ್ಲ ಕೋಣೆಗೂ ಏಸಿ ಬೇಕಾದೀತು. ಹಾಗೆಯೇ, ಸ್ನಾನದ ಮನೆ, ಶೌಚಾಲಯಗಳನ್ನು ಮಣ್ಣಿನ ಗೋಡೆಗೆ ಅಂಟಿಸದೆ ಹಿತ್ತಲ ಕಡೆ ಹೊಸದಾಗಿ ಕಟ್ಟಿ. ಪೈಪು ಒಮ್ಮೆ ಸೋರಿದರೆ ಸಾಕು.

ಹಗೇವು (ನೆಲದಡಿ ಕಾಳು ತುಂಬಿಡುವ ಗುಂಡಿ) ಇದ್ದರೆ ಮುಚ್ಚಳ ತೆಗೆದ ಕೂಡಲೇ ಯಾರನ್ನೂ ಇಳಿಸಬೇಡಿ, ಒಳಗೆ ಉಸಿರುಗಟ್ಟುವ ಗಾಳಿ ಇರುತ್ತದೆ. ನಿಧಿಯ ಕಥೆ ಹೇಳುವವರು ಹೇಗೂ ಬರುತ್ತಾರೆ; ನಿಜವಾಗಿ ಸಿಕ್ಕರೂ, ಕಾನೂನಿನ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಅಟ್ಟದಲ್ಲಿ ಓಲೆಗರಿ ಕಂಡರೆ ಗುಜರಿಗೆ ಹಾಕದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಬೆಳಕಿಗೆ ಬಂದದ್ದು ಅಲ್ಲಿ ಸೇರಿದ್ದ ಓಲೆಗಳಿಂದಲೇ.

ಅತಿಥಿ ಬರುವ ಮೊದಲು

ಹೋಂಸ್ಟೇ ಎಂದರೆ ಮಾಲೀಕರು ಅಲ್ಲೇ ವಾಸವಿದ್ದು ಕೆಲವು ಕೋಣೆ ಕೊಡುವುದು. ಕಾವಲುಗಾರನಿಗೆ ಬೀಗದ ಕೈ ಕೊಟ್ಟು ಬೆಂಗಳೂರಿನಲ್ಲಿರುವ ಯೋಚನೆಯಿದ್ದರೆ ಅದು ಲಾಡ್ಜಿನ ಲೆಕ್ಕವಾಗುತ್ತದೆ, ನಿಯಮಗಳೂ ಬೇರೆ. ನೋಂದಣಿಗೆ ಜಿಲ್ಲಾ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಹಾಕಿ. ಪಂಚಾಯಿತಿ ಮತ್ತು ಪೊಲೀಸ್ ಠಾಣೆಯಿಂದ ಯಾವ ಪತ್ರ ಬೇಕೆಂದು ಅಲ್ಲೇ ಕೇಳಿಕೊಳ್ಳಿ. ಊಟ ಬಡಿಸುವುದಾದರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಒಂದೇ ರಾತ್ರಿ ಉಳಿದರೂ ಸರಿ.