ಕೈಗೆ ಕಟ್ಟುವ ಡೈವ್ ಕಂಪ್ಯೂಟರ್: ಕೊಳ್ಳುವಾಗ ನೋಡಿದ್ದು, ನೀರಲ್ಲಿ ನೋಡುವುದು

ಕಾಸರಗೋಡಿನಲ್ಲಿ ಮನೆ ಇಟ್ಟುಕೊಂಡು ಸ್ಕೂಬಾ ಮಾಡುವವರಿಗೆ ಹತ್ತಿರದ ಒಳ್ಳೆಯ ನೀರು ಅಂದರೆ ನೇತ್ರಾಣಿ ದ್ವೀಪ. ಹೆದ್ದಾರಿ 66ರಲ್ಲಿ ಮುರುಡೇಶ್ವರಕ್ಕೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ಮುಂದೆ ದೋಣಿ. ರಜೆ, ದುಡ್ಡು, ಪರವಾನಗಿ ಮೂರೂ ಕೂಡಿಬಂದ ವರ್ಷ ಲಕ್ಷದ್ವೀಪ. ಡೈವ್ ಕಂಪ್ಯೂಟರ್, ಅಂದರೆ ನೀರಿನಡಿ ಆಳ, ಸಮಯ ತೋರಿಸುವ ಮಣಿಕಟ್ಟಿನ ಯಂತ್ರ, ಕೊಳ್ಳುವ ಮೊದಲು ಈ ಎರಡರಲ್ಲಿ ನಿಮ್ಮ ಡೈವ್ ಹೆಚ್ಚಾಗಿ ಯಾವುದು ಎಂದು ನೋಡಿಕೊಳ್ಳಬೇಕು. ನೇತ್ರಾಣಿಯಲ್ಲಿ ನಮ್ಮಂಥವರ ಹೆಚ್ಚಿನ ಡೈವ್‌ಗಳು 20 ಮೀಟರ್ ಒಳಗೇ ಮುಗಿಯುತ್ತವೆ, ನೀರು ಕೆಲವು ದಿನ ಕದಡಿರುತ್ತದೆ. ಲಕ್ಷದ್ವೀಪದಲ್ಲಿ ನೀರು ಗಾಜಿನಂತೆ ತಿಳಿ. ಕೆಳಗಿನ ಬಂಡೆ ಹತ್ತಿರವೇ ಇದ್ದಂತೆ ಕಂಡು ಗೊತ್ತಾಗದೆ 30 ಮೀಟರ್ ದಾಟುತ್ತೀರಿ, ಅದೂ ದಿನಕ್ಕೆ ಎರಡು ಮೂರು ಸಲ.

ಈ ಯಂತ್ರ ಅಳೆಯುವುದು ಮುಖ್ಯವಾಗಿ ಒತ್ತಡ ಮತ್ತು ಸಮಯ. ಉಳಿದದ್ದು ಲೆಕ್ಕ. ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗುತ್ತದೆ, ಬೇಗ ಮೇಲೆ ಬಂದರೆ ಗುಳ್ಳೆಯಾಗಿ ಕಾಯಿಲೆ ತರುತ್ತದೆ. 1908ರಲ್ಲಿ ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್ ಮೈಯನ್ನು ಐದು ಕಾಲ್ಪನಿಕ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದೂ ನೈಟ್ರೋಜನ್ನನ್ನು ಬೇರೆ ಬೇರೆ ವೇಗದಲ್ಲಿ ಹೀರಿ ಬಿಡುತ್ತದೆ ಎಂದು ಲೆಕ್ಕ ಹಾಕಿದ. ಈಗ ಹಲವು ಕಂಪ್ಯೂಟರ್‌ಗಳಲ್ಲಿರುವ ಬ್ಯೂಲ್‌ಮನ್ ಮಾದರಿಯಲ್ಲಿ ಅಂಥ ಭಾಗಗಳು 16. ಅತಿ ನಿಧಾನದ್ದು ಅರ್ಧ ತುಂಬಲು 635 ನಿಮಿಷ ಬೇಕು. ನಿಮ್ಮ ಮೈ ಎಷ್ಟು ಒಣಗಿದೆ, ರಾತ್ರಿ ನಿದ್ದೆ ಆಗಿದೆಯೇ, ದೋಣಿಯಲ್ಲಿ ವಾಂತಿ ಆಗಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಏಪ್ರಿಲ್ ಸೆಕೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ದೋಣಿ ಹತ್ತಿದವನಿಗೂ ಅದು ತೋರಿಸುವುದು ಅದೇ ಸಂಖ್ಯೆ.

ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಎನ್‌ಡಿಎಲ್, ಅಂದರೆ ಮೇಲೆ ಬರುವಾಗ ಕಡ್ಡಾಯವಾಗಿ ನಿಲ್ಲಬೇಕಾಗದೆ ಈ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಎಂಬುದು. ಹೊಸಬರ ಕಣ್ಣೆಲ್ಲ ಅದರ ಮೇಲೆ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಕೋಷ್ಟಕದಲ್ಲಿ ಮೊದಲ ಡೈವ್‌ಗೆ 12 ಮೀಟರ್‌ನಲ್ಲಿ 147 ನಿಮಿಷ, 18ರಲ್ಲಿ 56, 30ರಲ್ಲಿ 20. ಈಗ ಗಾಳಿಯ ಲೆಕ್ಕ ನೋಡಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರ್. 200 ಬಾರ್ ತುಂಬಿ, 50 ಬಾರ್ ಉಳಿಸಿಕೊಂಡು ಮೇಲೆ ಬರುವುದಾದರೆ ಕೈಯಲ್ಲಿರುವುದು 150 × 11 = 1,650 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 18 ಮೀಟರ್‌ನಲ್ಲಿ, ಅಂದರೆ 2.8 ಬಾರ್ ಒತ್ತಡದಲ್ಲಿ, 56 ಲೀಟರ್ ಖರ್ಚು ಮಾಡುತ್ತಾರೆ. 29 ನಿಮಿಷಕ್ಕೆ ಗಾಳಿ ಖಾಲಿ. ಎನ್‌ಡಿಎಲ್ ಆಗಷ್ಟೇ ಅರ್ಧಕ್ಕೆ ಬಂದಿರುತ್ತದೆ! ಹಾಗಾಗಿ ನೇತ್ರಾಣಿಯ ಮೊದಲ ಡೈವ್‌ನಲ್ಲಿ ನಿಮ್ಮನ್ನು ಮೇಲಕ್ಕೆ ಕಳಿಸುವುದು ಕಂಪ್ಯೂಟರ್ ಅಲ್ಲ, ಪ್ರೆಶರ್ ಗೇಜು.

ಹಾಗಾದರೆ ಅಲ್ಲಿ ಅದು ಯಾಕೆ ಬೇಕು? ಮೇಲೇರುವ ವೇಗ ನೋಡಲು. ನನ್ನ ಮಟ್ಟಿಗೆ ನಮ್ಮ ಕಡೆಯ ಆಳಕ್ಕೆ ಈ ಯಂತ್ರದ ಮುಖ್ಯ ಕೆಲಸ ಇದೇ. 20 ಮೀಟರ್‌ನಿಂದ 10ಕ್ಕೆ ಬಂದರೆ ಒತ್ತಡ 3 ಬಾರ್‌ನಿಂದ 2ಕ್ಕೆ ಇಳಿಯುತ್ತದೆ, ಮೂರರಲ್ಲೊಂದು ಪಾಲು ಕಡಿಮೆ. 10ರಿಂದ ಮೇಲಕ್ಕೆ ಬಂದರೆ ಒತ್ತಡ ಅರ್ಧಕ್ಕೆ ಇಳಿದು, ಶ್ವಾಸಕೋಶದ ಗಾಳಿ ಎರಡು ಪಟ್ಟಾಗುತ್ತದೆ. ಅಪಾಯ ಕೂತಿರುವುದು ಆ ಕೊನೆಯ ಹತ್ತು ಮೀಟರ್‌ನಲ್ಲಿ. ಹೆಚ್ಚಿನ ಕಂಪ್ಯೂಟರ್‌ಗಳು ನಿಮಿಷಕ್ಕೆ 9–10 ಮೀಟರ್ ದಾಟಿದರೆ ಕೂಗುತ್ತವೆ. ಜನ 5 ಮೀಟರ್‌ನಲ್ಲಿ ಸೇಫ್ಟಿ ಸ್ಟಾಪ್ ಎಂದು ಮೂರು ನಿಮಿಷ ಭಕ್ತಿಯಿಂದ ನಿಂತು, ಗಡಿಯಾರ ಸೊನ್ನೆ ತೋರಿಸಿದ್ದೇ ತಡ ಎರಡು ಫಿನ್ ಹೊಡೆತಕ್ಕೆ ದೋಣಿಯ ಬುಡದಲ್ಲಿರುತ್ತಾರೆ. ಆ ಕೊನೆಯ 5 ಮೀಟರ್‌ಗೆ ನಾನು ಒಂದು ನಿಮಿಷ ಕೊಡುತ್ತೇನೆ.

ಪರದೆಯಲ್ಲಿ ಮೇಲೇರುವ ವೇಗ ತೋರಿಸುವ ಪಟ್ಟಿ ಸುಳ್ಳು ಹೇಳುವುದೂ ಉಂಟು. ಕಂಪ್ಯೂಟರ್ ಎಡಗೈಯಲ್ಲಿದ್ದು, ಬಿಸಿಡಿಯ (ತೇಲುವಿಕೆ ಹೊಂದಿಸುವ ಗಾಳಿಯ ಜಾಕೆಟ್) ಗಾಳಿ ಬಿಡಲು ಅದೇ ಕೈಯಲ್ಲಿ ಇನ್‌ಫ್ಲೇಟರ್ ಪೈಪನ್ನು ತಲೆಯ ಮೇಲೆ ಎತ್ತಿದರೆ, ಮಣಿಕಟ್ಟು ಒಂದೇ ಸೆಕೆಂಡಿನಲ್ಲಿ ಅರ್ಧ ಮೀಟರ್ ಮೇಲೇರಿತು. ನೀವು ನಿಂತಲ್ಲೇ ಇದ್ದರೂ ಬೀಪ್ ಬೀಪ್. ಅದಕ್ಕೇ ನಾನು ಬಲಗೈಗೆ ಕಟ್ಟುವುದು. ಎಡಗೈ ಪೈಪ್ ಹಿಡಿದಿರುವಾಗ ಬಲಗೈ ಎದೆಯ ಮುಂದೆ ಅಡ್ಡ ಇರುತ್ತದೆ, ಪರದೆ ಕಣ್ಣ ಮುಂದೆಯೇ. ಅಲೆ ಇರುವ ದಿನ ಸೇಫ್ಟಿ ಸ್ಟಾಪ್‌ನಲ್ಲಿ ಲಂಗರಿನ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡರೆ ದೋಣಿಯ ಜೊತೆ ನೀವೂ ಏರಿ ಇಳಿಯುತ್ತೀರಿ. ಹಗ್ಗಕ್ಕೆ ಬೆರಳು ಬಳಸಿ ಸಡಿಲ ಬಿಟ್ಟರೆ ಆಳ ಸ್ಥಿರ ಇರುತ್ತದೆ. ಆಳ ತೀರಾ ಕಡಿಮೆ ಆದರೆ ಮೂರು ನಿಮಿಷದ ಎಣಿಕೆ ಹೆಚ್ಚಿನ ಮಾದರಿಗಳಲ್ಲಿ ನಿಂತುಬಿಡುತ್ತದೆ, ಆದ್ದರಿಂದ 3ಕ್ಕಿಂತ 5 ಮೀಟರ್ ವಾಸಿ.

ಇಷ್ಟು ತಿಳಿದ ಮೇಲೆ ಅಂಗಡಿಗೆ ಹೋದರೆ ಪ್ರಶ್ನೆಗಳು ಬೇರೆಯಾಗುತ್ತವೆ. ಮೊದಲು ಪರದೆ. ಮಾಸ್ಕ್ ಹಾಕಿಕೊಂಡು, ಮಬ್ಬು ಬೆಳಕಿನಲ್ಲಿ, ಒಂದು ಕೈ ದೂರದಲ್ಲಿ ಹಿಡಿದು ನೋಡಿ: ಆಳ, ಎನ್‌ಡಿಎಲ್, ಕಳೆದ ಸಮಯ ಮೂರೂ ಒಂದೇ ನೋಟಕ್ಕೆ ಸಿಗಬೇಕು. ನಲವತ್ತು ದಾಟಿ ಓದಲು ಕನ್ನಡಕ ಬೇಕಾದವರು ಇಲ್ಲಿ ರಾಜಿ ಮಾಡಿಕೊಳ್ಳಲೇಬಾರದು. ಮಾಸ್ಕಿನ ಮೂಲಕ ನೀರಲ್ಲಿ ವಸ್ತುಗಳು ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತವೆ ನಿಜ, ಆದರೆ ಕದಡಿದ ನೀರು ಆ ಲಾಭವನ್ನೆಲ್ಲ ನುಂಗುತ್ತದೆ. ಬಣ್ಣದ ಪರದೆ ನೀರಲ್ಲಿ ಚೆಂದ. ಸಾದಾ ಕಪ್ಪು-ಬಿಳುಪು ಪರದೆ ದೋಣಿಯ ಬಿಸಿಲಲ್ಲೂ ಓದಲು ಬರುತ್ತದೆ, ಬ್ಯಾಟರಿ ತುಂಬ ಕಾಲ ಬರುತ್ತದೆ, ಬೆಲೆಯೂ ಎಷ್ಟೋ ಕಡಿಮೆ.

ಆಮೇಲೆ ಬ್ಯಾಟರಿ. ಮಾರೆಸ್ ಪಕ್ ಪ್ರೊ, ಸುಂಟೊ ಜೂಪ್ ನೋವೊ ಇವುಗಳಲ್ಲಿ ಸಿಆರ್2450 ನಾಣ್ಯದ ಸೆಲ್, ಕ್ರೆಸ್ಸಿ ಲಿಯೊನಾರ್ಡೊದಲ್ಲಿ ಸಿಆರ್2430. ಊರಿನ ವಾಚ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದು 2032. ಅದು 20 ಮಿಲಿಮೀಟರ್ ಅಗಲ, 3.2 ದಪ್ಪ. 2450 ಅಂದರೆ 24.5 ಅಗಲ, 5 ದಪ್ಪ. ಕಾಗದ ಮಡಚಿ ತುರುಕಿ ಹೊಂದಿಸುವ ವಿದ್ಯೆ ಇಲ್ಲಿ ಬೇಡ. ಎರಡು ಸೆಲ್ ತರಿಸಿ ಮನೆಯಲ್ಲಿ ಇಟ್ಟುಕೊಳ್ಳಿ. ಚಾರ್ಜ್ ಮಾಡುವ ಮಾದರಿಯಾದರೆ ಈ ತಲೆನೋವಿಲ್ಲ, ಚಾರ್ಜರ್ ಮರೆಯದಿದ್ದರೆ ಆಯಿತು.

ಆಲ್ಗೊರಿದಮ್, ಅಂದರೆ ಲೆಕ್ಕದ ವಿಧಾನ, ಯಾವುದು ಒಳ್ಳೆಯದು ಎಂಬ ಚರ್ಚೆಗೆ ಕೊನೆ ಇಲ್ಲ. ನನಗೆ ಮುಖ್ಯ ಅನ್ನಿಸುವುದು ಅದನ್ನು ಎಷ್ಟು ಬಿಗಿ ಮಾಡಬಹುದು (ಬಿಗಿ ಹೆಚ್ಚಿದಷ್ಟು ಕೊಡುವ ನಿಮಿಷ ಕಡಿಮೆ), ಆ ಬಿಗಿ ನನಗೆ ಅರ್ಥ ಆಗುತ್ತದೆಯೇ ಎಂಬುದು. ಶಿಯರ್‌ವಾಟರ್ ಪೆರೆಗ್ರಿನ್‌ನಲ್ಲಿ ಲೋ ಅಂದರೆ 45/95, ಮೀಡಿಯಂ 40/85, ಹೈ 35/75. ಎರಡನೆಯ ಸಂಖ್ಯೆ ಮುಖ್ಯ: 85 ಅಂದರೆ ಮಾದರಿ ಒಪ್ಪುವ ಮಿತಿಯ ನೂರಕ್ಕೆ 85 ಭಾಗದಷ್ಟೇ ಹೊರೆ ಹೊತ್ತು ಮೇಲೆ ಬರುವುದು. ನಾನು ಇಡುವುದು ಮೀಡಿಯಂ. ಸಾಲಾಗಿ ಕೆಲವು ದಿನ ಡೈವ್ ಇದ್ದರೆ, ಅಥವಾ ಮೈ ಸರಿ ಇಲ್ಲದಿದ್ದರೆ ಹೈ. ಬೇರೆ ಕಂಪನಿಗಳಲ್ಲಿ ಇದೇ ವಿಷಯ ಪಿ0, ಪಿ1, ಪಿ2 ಎಂದೋ ಇನ್ನೇನೋ ಇರುತ್ತದೆ. ಪ್ಲಾನ್ ಮೋಡ್‌ಗೆ ಹೋಗಿ ಪ್ರತಿ ಸೆಟ್ಟಿಂಗ್‌ನಲ್ಲೂ 18 ಮತ್ತು 30 ಮೀಟರ್‌ಗೆ ಎಷ್ಟು ನಿಮಿಷ ಕೊಡುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ನಿಮ್ಮ ಯಂತ್ರದ ಸ್ವಭಾವ ತಿಳಿಯುತ್ತದೆ.

ಒಂದು ವಿಷಯ ಕೇಳಿಯೇ ಕೊಳ್ಳಿ: ನಿಯಮ ಮೀರಿದರೆ ಬೀಗ ಹಾಕಿಕೊಳ್ಳುತ್ತದೆಯೇ? ಕಡ್ಡಾಯ ನಿಲುಗಡೆ ತಪ್ಪಿಸಿದರೆ ಸುಂಟೊದ ಹಲವು ಮಾದರಿಗಳು 48 ಗಂಟೆ ಲೆಕ್ಕ ನಿಲ್ಲಿಸುತ್ತವೆ. ಶಿಯರ್‌ವಾಟರ್ ಬೀಗ ಹಾಕುವುದಿಲ್ಲ, ಎಚ್ಚರಿಸಿ ಲೆಕ್ಕ ಮುಂದುವರಿಸುತ್ತದೆ. ಸಿಲಿಂಡರ್ ಒತ್ತಡವನ್ನು ಕೈಗೇ ತೋರಿಸುವ ಟ್ರಾನ್ಸ್‌ಮಿಟರ್ ಬೇಕಾದವರು ತೆಗೆದುಕೊಳ್ಳಲಿ, ಪೈಪಿನ ಗೇಜು ಮಾತ್ರ ಕಳಚಬೇಡಿ.

ನಮ್ಮ ಜಿಲ್ಲೆಯಲ್ಲಿ ಗಲ್ಫ್‌ನಿಂದ ತರಿಸಿಕೊಳ್ಳುವವರೇ ಹೆಚ್ಚು. ಬೆಲೆ ಹೊಂದಿದರೆ ತಪ್ಪಿಲ್ಲ. ಗ್ಯಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮಾತ್ರ ಮೊದಲೇ ಕೇಳಿ, ಬಿಲ್ಲು ತರಲು ಹೇಳಿ. ಬಂದ ಮೇಲೆ ಸಮಯ, ದಿನಾಂಕ, ಅಡಿಯ ಬದಲು ಮೀಟರ್ ಇವಿಷ್ಟನ್ನು ಸರಿಪಡಿಸಿ. ಹಳೆಯದನ್ನು ಕೊಳ್ಳುವುದಾದರೆ ಬ್ಯಾಟರಿ ಮುಚ್ಚಳ ತೆಗೆಸಿ ನೋಡಿ. ಒಳಗೆ ಹಸಿರು ಕಿಲುಬು ಕಂಡರೆ ಅಲ್ಲಿಗೇ ಬಿಡಿ.

ಕೈಗೆ ಕಟ್ಟುವ ಪಟ್ಟಿಯ ವಿಷಯ ಚಿಕ್ಕದು, ತೊಂದರೆ ದೊಡ್ಡದು. ದೋಣಿಯಲ್ಲಿ ವೆಟ್‌ಸೂಟಿನ ಮೇಲೆ ಬಿಗಿಯಾಗಿ ಕಟ್ಟಿದ್ದು 20 ಮೀಟರ್‌ನಲ್ಲಿ ಸೂಟಿನ ರಬ್ಬರು ಕುಗ್ಗಿ ಸಡಿಲವಾಗುತ್ತದೆ, ತಿರುಗಿ ಮಣಿಕಟ್ಟಿನ ಒಳಬದಿಗೆ ಹೋಗುತ್ತದೆ. 4–5 ಮಿಲಿಮೀಟರ್ ಎಲಾಸ್ಟಿಕ್ ಹಗ್ಗ ಹಾಕಿದರೆ ಅದು ತಾನೇ ಎಳೆದುಕೊಂಡು ಕೂರುತ್ತದೆ. ಎರಡು ಬದಿಗೂ ಪ್ರತ್ಯೇಕ ಕುಣಿಕೆ ಹಾಕಿ. ಒಂದು ಹರಿದರೂ ಇನ್ನೊಂದು ಹಿಡಿಯುತ್ತದೆ.

ನೀರಿಗೆ ಇಳಿಯುವ ಮೊದಲು ನೋಡುವುದು: ಬ್ಯಾಟರಿ, ಅನಿಲ, ಬಿಗಿ, ಆಳ 0.0. ಅನಿಲದ ಸಾಲಿನಲ್ಲಿ ಎಚ್ಚರ ಬೇಕು. ಹಿಂದಿನ ಪ್ರವಾಸದಲ್ಲಿ ನೈಟ್ರಾಕ್ಸ್ 32 (ನೂರಕ್ಕೆ 32 ಭಾಗ ಆಮ್ಲಜನಕ ಇರುವ ಮಿಶ್ರಣ) ಇಟ್ಟಿದ್ದು ಹಾಗೇ ಉಳಿದು, ಇಂದು ಸಿಲಿಂಡರ್‌ನಲ್ಲಿ ಸಾದಾ ಗಾಳಿ ಇದ್ದರೆ, ಯಂತ್ರ ಕಡಿಮೆ ನೈಟ್ರೋಜನ್ ಎಣಿಸಿ ಇಲ್ಲದ ನಿಮಿಷಗಳನ್ನು ಕೊಡುತ್ತದೆ. ತಿರುಗಾ ಮುರುಗಾ ಆದರೆ ಆಳದ ಮಿತಿ ತಪ್ಪುತ್ತದೆ. ಆಮ್ಲಜನಕದ ಒತ್ತಡ 1.4 ಬಾರ್ ಮೀರಬಾರದು, ಆದ್ದರಿಂದ 32ಕ್ಕೆ ಮಿತಿ 1.4 ÷ 0.32 = 4.375 ಬಾರ್, ಅಂದರೆ ಸುಮಾರು 33 ಮೀಟರ್. ಅದಕ್ಕಿಂತ ಕೆಳಗೆ ಆಮ್ಲಜನಕವೇ ವಿಷವಾಗಬಹುದು.

ಎನ್‌ಡಿಎಲ್ ನಿಜವಾಗಿ ಕಚ್ಚುವುದು ಎರಡನೆಯ, ಮೂರನೆಯ ಡೈವ್‌ನಲ್ಲಿ. ಹಿಂದಿನ ನೈಟ್ರೋಜನ್ ಇನ್ನೂ ಮೈಯಲ್ಲಿರುತ್ತದೆ, ಅದರ ಲೆಕ್ಕ ಇರುವುದು ನಿಮ್ಮ ಕೈಯಲ್ಲಿದ್ದ ಕಂಪ್ಯೂಟರ್‌ನಲ್ಲಿ ಮಾತ್ರ. ಆದ್ದರಿಂದ ಮಧ್ಯೆ ಗೆಳೆಯನಿಗೆ ಕೊಡುವುದು, ಬಾಡಿಗೆಯದ್ದನ್ನು ಅದಲುಬದಲು ಮಾಡುವುದು ಕೂಡದು. ಇಬ್ಬರ ಯಂತ್ರ ಬೇರೆ ಬೇರೆ ಹೇಳಿದರೆ ಕಡಿಮೆ ನಿಮಿಷ ತೋರಿಸುವುದರ ಮಾತೇ ಇಬ್ಬರಿಗೂ. ಮೊದಲು ಅತಿ ಆಳಕ್ಕೆ ಹೋಗಿ, ಬಂಡೆಯ ಇಳಿಜಾರಿನಲ್ಲಿ ನಿಧಾನ ಮೇಲೇರುತ್ತಾ ಬಂದರೆ ನಿಮಿಷಗಳು ತಾವೇ ಬೆಳೆಯುತ್ತವೆ. ಇನ್ನೊಂದು ಮಾತು, ಬಂಡೆಯಿಂದ ಕಲ್ಲುಮ್ಮಕ್ಕಾಯಿ ಕೀಳಲು ಉಸಿರು ಕಟ್ಟಿ ಮುಳುಗುವ ಅಭ್ಯಾಸ ಇರುವವರು ಸ್ಕೂಬಾ ಮಾಡಿದ ದಿನ ಅದನ್ನು ಬಿಡಬೇಕು.

ವಿಮಾನದ ನಿಯಮ ಎಲ್ಲರಿಗೂ ಗೊತ್ತು: ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ ಕಾಯಬೇಕು, ಕಡ್ಡಾಯ ನಿಲುಗಡೆ ಬಂದಿದ್ದರೆ ಇನ್ನೂ ಹೆಚ್ಚು. ಲಕ್ಷದ್ವೀಪದ ಅಗತ್ತಿಯಿಂದ ಹಾರುವವರು ಕೊನೆಯ ದಿನ ಡೈವ್ ಇಟ್ಟುಕೊಳ್ಳಬಾರದು. ಘಟ್ಟದ ವಿಷಯ ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಆ ನಿಯಮ ಹೇಳಿರುವುದು 600 ಮೀಟರ್‌ಗಿಂತ ಮೇಲಿನ ಎತ್ತರದ ಒತ್ತಡಕ್ಕೆ. ಬೆಂಗಳೂರು ಸುಮಾರು 920 ಮೀಟರ್, ಮಡಿಕೇರಿ ಸುಮಾರು 1,150. ಮಧ್ಯಾಹ್ನ 12.30ಕ್ಕೆ ಎರಡನೆಯ ಡೈವ್ ಮುಗಿಸಿದವರು ಘಟ್ಟ ಹತ್ತಬೇಕಾದದ್ದು ಮರುದಿನ ಬೆಳಿಗ್ಗೆ 6.30ರ ಮೇಲೆ, ರಾತ್ರಿ ಬಸ್ಸಿನಲ್ಲಿ ಅಲ್ಲ. ಕರಾವಳಿ ರಸ್ತೆಯಲ್ಲೇ ಕಾಸರಗೋಡಿಗೆ ಬರುವ ನಮಗೆ ಆ ತೊಂದರೆ ಇಲ್ಲ.

ಮನೆಗೆ ಬಂದ ಮೇಲೆ ಬಾಲ್ದಿಯಲ್ಲಿ ಬಾವಿ ನೀರು ತುಂಬಿ ಅರ್ಧ ಗಂಟೆ ಮುಳುಗಿಸಿಡುತ್ತೇನೆ. ಸೆನ್ಸರ್ ತೂತಿನಲ್ಲಿ ಉಪ್ಪು ಕಟ್ಟಿದರೆ ಸೂಜಿ ಹಾಕಬಾರದು, ತಿರುಗಿ ನೆನೆಹಾಕಬೇಕು. ನೀರು ತಾಗಿ ತಾನೇ ಚಾಲೂ ಆಗುವ ಮಾದರಿಯನ್ನು ಚಂಡಿ ಬಟ್ಟೆಯ ಚೀಲದಲ್ಲಿ ಇಟ್ಟರೆ ಅದು ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ. ಸೊಳ್ಳೆ ಓಡಿಸುವ ಮುಲಾಮು ಪರದೆಯ ಪ್ಲಾಸ್ಟಿಕ್ಕಿಗೆ ಆಗದು.

ಸೆಲ್ ಬದಲಿಸುವುದು ಡೈವ್ ಮುಗಿದು, ಮೈಯ ಲೆಕ್ಕ ಪೂರ್ತಿ ಖಾಲಿ ಎಂದು ತೋರಿಸಿದ ಮೇಲೆ. ಕೆಲವು ಮಾದರಿಗಳಲ್ಲಿ ಸೆಲ್ ತೆಗೆದರೆ ನೈಟ್ರೋಜನ್ ಲೆಕ್ಕ ಅಳಿಸಿಹೋಗುತ್ತದೆ. ಮಳೆ ಹಿಡಿದ ದಿನ ಮುಚ್ಚಳ ತೆರೆಯಬೇಡಿ. ಒಳಗೆ ಸಿಕ್ಕಿಕೊಂಡ ತೇವ ತಣ್ಣೀರಲ್ಲಿ ಗಾಜಿನ ಒಳಬದಿ ಮಂಜಾಗುತ್ತದೆ. ಒ-ರಿಂಗನ್ನು ಬೆಳಕಿಗೆ ಹಿಡಿದು ನೋಡಿ, ಒಂದು ತಲೆಕೂದಲಿದ್ದರೂ ನೀರು ನುಗ್ಗುತ್ತದೆ. ಕಂಪನಿ ಹೇಳಿದ ಸಿಲಿಕೋನ್ ಗ್ರೀಸನ್ನು ರಿಂಗು ಹೊಳೆಯುವಷ್ಟೇ ಸವರಿದರೆ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಮುಚ್ಚಿರುತ್ತದೆ. ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಚಾರ್ಜಿನದ್ದಾದರೆ ಅರ್ಧ ಚಾರ್ಜ್ ಇರಲಿ. ಅಕ್ಟೋಬರ್‌ನಲ್ಲಿ ಬಾವಿ ತುಂಬಿರುವಾಗ ಪರೀಕ್ಷೆ ಸುಲಭ. ಬಲೆ ಚೀಲದಲ್ಲಿ ಕಂಪ್ಯೂಟರ್, ಜೊತೆಗೆ ಒಂದು ಕಿಲೋ ಸೀಸದ ತೂಕ ಹಾಕಿ, ಕಂಪ್ಯೂಟರ್ ಇರುವಲ್ಲಿಂದ ಅಳೆದು ಹಗ್ಗಕ್ಕೆ 4 ಮೀಟರ್‌ನಲ್ಲಿ ಗಂಟು ಹಾಕಿ, ಗಂಟು ನೀರಿನ ಮಟ್ಟಕ್ಕೆ ಬರುವವರೆಗೆ ಇಳಿಸಿ ಎರಡು ನಿಮಿಷ ಬಿಡಿ. ಸಿಹಿನೀರಿನ ಸೆಟ್ಟಿಂಗ್‌ನಲ್ಲಿ ಲಾಗ್‌ನ ಗರಿಷ್ಠ ಆಳ 4.0 ಇರಬೇಕು, ಉಪ್ಪುನೀರಿನದ್ದಾದರೆ 3.9. ವ್ಯತ್ಯಾಸ ಅರ್ಧ ಮೀಟರ್ ಮುಟ್ಟಿದರೆ ಮತ್ತೊಮ್ಮೆ ನೆನೆಹಾಕಿ, ತೊಳೆದು, ತಿರುಗಿ ಇಳಿಸಿ. ಆಗಲೂ ಹಾಗೇ ಬಂದರೆ ಸರ್ವಿಸ್‌ಗೆ ಕಳಿಸಿ, ಅದು ಬರುವವರೆಗೆ ಬಾಡಿಗೆಯದ್ದನ್ನು ಕಟ್ಟಿಕೊಳ್ಳಿ.