ಕೋಲಾರದ ಕೆರೆ: ಹೂಳಿಗೆ ಕೈಹಾಕುವ ಮುನ್ನ ನೋಡಬೇಕಾದ್ದು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಬೇತಮಂಗಲದ ಕಡೆಯಿಂದ ಆಂಧ್ರ ದಾಟಿ ತಮಿಳುನಾಡಿಗೆ ಹೋಗುತ್ತದೆ ನಿಜ, ಆದರೆ ಹೆಚ್ಚಿನ ತಿಂಗಳು ಅದರ ಪಾತ್ರದಲ್ಲಿ ಕಾಣುವುದು ಮರಳು, ಜಾಲಿ. ಇಲ್ಲಿ ನೀರು ಹಿಡಿಯುವ ಕೆಲಸ ಕೆರೆಗಳದ್ದು. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನದಕ್ಕೆ ಆಧಾರ. ಹಾಗಾಗಿ ಹೂಳೆತ್ತಲು ಜೆಸಿಬಿ ಕರೆಸುವ ಮೊದಲು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನಡೆದು ನೋಡಿ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆ ಎತ್ತರದ ಕಡೆಗೆ ಮೂತಿ ಚಾಚಿದ್ದರೆ ಅದು ಹಳ್ಳ, ತಗ್ಗಿನ ಕಡೆಗೆ ಚಾಚಿದ್ದರೆ ದಿಣ್ಣೆ. ದಿಣ್ಣೆಗಳ ನೆತ್ತಿಯನ್ನು ಸೇರಿಸುತ್ತಾ ಗೆರೆ ಎಳೆದರೆ ಜಲಾನಯನ, ಅಂದರೆ ಕೆರೆಗೆ ನೀರು ಹರಿದು ಬರುವ ನೆಲ, ಸಿಗುತ್ತದೆ. ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ ಇರುವುದರಿಂದ ನಮ್ಮ ಬಯಲಿನ ಸಣ್ಣ ಏರಿಳಿತ ಅದರಲ್ಲಿ ಕಾಣುವುದಿಲ್ಲ. ಉಳಿದದ್ದನ್ನು ಕಾಲೇ ಹೇಳಬೇಕು. 1 ಚದರ ಕಿ.ಮೀ. ನೆಲದಿಂದ 10 ಮಿ.ಮೀ. ನೀರು ಹರಿದು ಬಂದರೆ 10,000 ಘನ ಮೀಟರ್. ಕೆರೆಯ ಗಾತ್ರಕ್ಕೆ ಇದನ್ನು ಹೋಲಿಸಿ. ಬರುವ ನೀರೇ ಕಡಿಮೆ ಇದ್ದರೆ ಎಷ್ಟು ಆಳ ತೋಡಿದರೂ ಗುಂಡಿ ಖಾಲಿಯೇ.

ಮುಂದಿನದು ರಾಜಕಾಲುವೆ, ಅಂದರೆ ಕೆರೆಗೆ ಮಳೆನೀರು ತರುವ ಕಾಲುವೆ. ಸರ್ಕಾರದ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡು, ಗ್ರಾಮ ನಕ್ಷೆ ಹಿಡಿದು ಕಾಲುವೆಯುದ್ದಕ್ಕೂ ನಡೆಯಿರಿ. ರಸ್ತೆಯಡಿ ಸಣ್ಣ ಪೈಪು, ಅಡ್ಡ ಹಾಕಿದ ಬದು, ಹೊಲಕ್ಕೆ ಸೇರಿಹೋದ ಕಾಲುವೆ: ಕೆರೆ ತುಂಬದಿರಲು ಹೂಳಿಗಿಂತ ಇವೇ ಹೆಚ್ಚು ಕಾರಣ ಅನ್ನುವುದು ನಮ್ಮ ಅಭಿಪ್ರಾಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬರುತ್ತಿರುವ ಕೆರೆಗಳಲ್ಲಿ ಈ ದೋಷ ಕಣ್ಣಿಗೆ ಬೀಳುವುದಿಲ್ಲ, ಕೆರೆ ಹೇಗೂ ತುಂಬಿರುತ್ತದಲ್ಲ!

ಏರಿಯನ್ನು ಹೊರಗಡೆಯಿಂದ, ಬುಡದಲ್ಲಿ ನಡೆದು ನೋಡಿ. ಬೇಸಿಗೆಯಲ್ಲಿ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿದ್ದರೆ ಅಲ್ಲಿ ಜಿನುಗು ಇದೆ. ಕೆರೆ ತುಂಬಿದಾಗ ಅದೇ ಜಾಗದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಇಡಿ. ತಿಳಿಯಾಗಿದ್ದರೆ ಗಾಬರಿ ಬೇಡ, ಆದರೆ ಹರಿವು ಹೆಚ್ಚುತ್ತಿದೆಯೇ ಎಂದು ನೋಡುತ್ತಿರಿ. ತಳದಲ್ಲಿ ಮಣ್ಣು ಕೂತರೆ ನೀರು ಏರಿಯ ಒಡಲನ್ನೇ ಕೊರೆದು ತರುತ್ತಿದೆ, ತಕ್ಷಣ ಇಂಜಿನಿಯರ್‌ಗೆ ತಿಳಿಸಿ. ಏರಿಯ ಮೇಲಿನ ದೊಡ್ಡ ಮರ ಸತ್ತು ಬೇರು ಕೊಳೆತರೆ ಅದೇ ನೀರಿಗೆ ದಾರಿ. ಇಲಿ, ಹೆಗ್ಗಣದ ಬಿಲಗಳೂ ಅಷ್ಟೇ.

ಕೋಡಿಗೆ ಮರಳು ಮೂಟೆ ಪೇರಿಸಿ ಎರಡಡಿ ಹೆಚ್ಚು ನೀರು ನಿಲ್ಲಿಸುವ ಚಟ ಕೆಲವೂರಲ್ಲಿದೆ. ಅದು ಬೇಡ. ಜೋರು ಮಳೆಗೆ ನೀರು ಏರಿಯ ಮೇಲೇ ಹರಿದರೆ ಮಣ್ಣಿನ ಏರಿ ತಾಳುವುದಿಲ್ಲ, ಅದು ಒಡೆದರೆ ಕೆಳಗಿನ ಕೆರೆಗೂ ಅಪಾಯ.

ಇಷ್ಟಾದ ಮೇಲೆ ಹೂಳಿನ ಲೆಕ್ಕ. 1 ಎಕರೆಯಲ್ಲಿ 1 ಅಡಿ ಹೂಳು ಅಂದರೆ 43,560 ಘನ ಅಡಿ. ಟ್ರೇಲರಿಗೆ 100 ಘನ ಅಡಿ ಹಿಡಿದರೆ ಸುಮಾರು 435 ಲೋಡು. 10 ಎಕರೆ, 3 ಅಡಿ ಎಂದುಕೊಂಡರೆ 13,000 ಲೋಡು ದಾಟುತ್ತದೆ. ಮಣ್ಣು ಒಯ್ಯುವ ರೈತರ ಪಟ್ಟಿ ಮೊದಲೇ ಸಿದ್ಧವಿರಲಿ. ಹೊಲಕ್ಕೆ 1 ಅಂಗುಲ ದಪ್ಪ ಹರಡಲು ಎಕರೆಗೆ ಸುಮಾರು 36 ಲೋಡು ಸಾಕು, ಅದಕ್ಕೂ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಚೌಳು ಇದ್ದರೆ ಬೇಡ.

ಏರಿಯ ಒಳಬುಡದಿಂದ ಕನಿಷ್ಠ 30 ಮೀಟರ್ ಬಿಟ್ಟೇ ಅಗೆಯಿರಿ, ಇಲ್ಲದಿದ್ದರೆ ಏರಿಯ ಕಾಲು ಜಾರುತ್ತದೆ. ತೂಬಿನ ತಳಕ್ಕಿಂತ ಕೆಳಗೆ ನಿಂತ ನೀರು ಅಚ್ಚುಕಟ್ಟಿಗೆ ತಾನಾಗಿ ಹರಿಯುವುದಿಲ್ಲ, ದನಕರುಗಳಿಗೆ ಮತ್ತು ಅಂತರ್ಜಲಕ್ಕಷ್ಟೇ ಉಪಯೋಗ. ಗುಂಡಿಯ ಅಂಚು ಗೋಡೆಯಂತೆ ನೆಟ್ಟಗಿರದೆ ಇಳಿಜಾರಾಗಿರಲಿ, ನೀರು ಕುಡಿಯಲು ಇಳಿದ ದನ, ಈಜಲು ಬಂದ ಮಕ್ಕಳು ಮೇಲೆ ಹತ್ತಲಾಗಬೇಕು. ತೆಗೆದ ಮಣ್ಣನ್ನು ಕೆರೆಯಂಗಳದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ವಾಪಸ್ ಇಳಿಯುತ್ತದೆ.