ಪದವಿ ಪ್ರದರ್ಶನ: ಮೊಳೆ ಹೊಡೆಯುವ ಮುನ್ನ ಲೆಕ್ಕ ಹಾಕಿ

ಕಲಾಶಾಲೆಯ ವಾರ್ಷಿಕ ಪದವಿ ಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳು ವರ್ಷವಿಡೀ ದುಡಿದಿರುತ್ತಾರೆ. ಆ ದುಡಿಮೆ ಹೆಚ್ಚಾಗಿ ಕೆಡುವುದು ಉದ್ಘಾಟನೆಯ ಹಿಂದಿನ ರಾತ್ರಿ. ಒಬ್ಬರು ಏಣಿ ಹತ್ತಿ ಮೊಳೆ ಹೊಡೆಯುತ್ತಾರೆ, ಇನ್ನೊಬ್ಬರು ದೂರ ನಿಂತು ‘ಸ್ವಲ್ಪ ಮೇಲೆ, ಇಲ್ಲ ಇಲ್ಲ, ಕೆಳಗೆ’ ಎನ್ನುತ್ತಾರೆ. ಬೆಳಗಾಗುವಷ್ಟರಲ್ಲಿ ಒಂದೊಂದು ಚಿತ್ರದ ಹಿಂದೆ ನಾಲ್ಕು ತೂತು, ಆದರೂ ಸಾಲು ಅಂಕುಡೊಂಕು. ಕಣ್ಣಳತೆ ಬಿಟ್ಟು ಟೇಪು ಹಿಡಿದರೆ ಈ ಪಾಡು ತಪ್ಪುತ್ತದೆ.

ಮೊದಲು ಪಟ್ಟಿ

ಪ್ರದರ್ಶನಕ್ಕೆ ಒಂದು ತಿಂಗಳಿರುವಾಗಲೇ ಪ್ರತಿ ವಿದ್ಯಾರ್ಥಿಯಿಂದ ಕೃತಿಗಳ ಪಟ್ಟಿ ಬರೆಸಿಕೊಳ್ಳಿ: ಶೀರ್ಷಿಕೆ, ವರ್ಷ, ಮಾಧ್ಯಮ, ಎತ್ತರ, ಅಗಲ, ತೂಕ, ಕರೆಂಟ್ ಬೇಕೋ ಬೇಡವೋ. ಅಳತೆ ಫ್ರೇಮ್ ಸೇರಿಸಿಯೇ ಇರಲಿ. ಸುತ್ತ 4 ಇಂಚು ಮೌಂಟ್ (ಚಿತ್ರಕ್ಕೂ ಫ್ರೇಮಿಗೂ ನಡುವಿನ ರಟ್ಟಿನ ಅಂಚು), 1 ಇಂಚು ಫ್ರೇಮ್ ಬಂದರೆ 20 ಇಂಚಿನ ಚಿತ್ರ ಗೋಡೆಯ ಮೇಲೆ 30 ಇಂಚು ಹಿಡಿಯುತ್ತದೆ. ಇದನ್ನು ಮರೆತವರೇ ಕೊನೆಯ ದಿನ ಪಕ್ಕದವರ ಗೋಡೆಗೆ ನುಗ್ಗುವುದು.

ಯಾವ ಗೋಡೆ ಯಾರಿಗೆ ಎಂಬುದನ್ನು ಒಬ್ಬರೇ ತೀರ್ಮಾನಿಸಲಿ. ಅದು ಅಧ್ಯಾಪಕರಾದರೂ ಸರಿ, ಹೊರಗಿನ ಕ್ಯುರೇಟರ್ ಆದರೂ ಸರಿ. ಸಮಿತಿ ಕೂತರೆ ಎಲ್ಲರಿಗೂ ಸಮಪಾಲು ಎಂಬ ಹಂಚಿಕೆಯಾಗುತ್ತದೆ, ಆಗ ದೊಡ್ಡ ಕ್ಯಾನ್ವಾಸ್ ಕಿರಿದಾದ ಗೋಡೆಯಲ್ಲಿ ಉಸಿರುಗಟ್ಟುತ್ತದೆ. ಕೃತಿಗಳ ಆಯ್ಕೆಯಲ್ಲೂ ಕೈ ಬಿಗಿ ಇರಲಿ. ಐದು ಒಳ್ಳೆಯ ಕೃತಿಗಳ ನಡುವೆ ಎರಡು ಸಾಧಾರಣ ಕೃತಿ ಸೇರಿದರೆ ನೋಡುವವರು ಆ ಎರಡರಿಂದಲೇ ಅಳೆಯುತ್ತಾರೆ. ‘ಎಲ್ಲವನ್ನೂ ನಾನೇ ಮಾಡಿದ್ದಲ್ಲವೇ’ ಎನ್ನುವ ವಿದ್ಯಾರ್ಥಿಗೆ ಇದನ್ನು ಪ್ರೀತಿಯಿಂದಲೇ ಹೇಳಿ, ಆದರೆ ಹೇಳಿ.

ಗೋಡೆ, ಸಾಗಣೆ

ಗೋಡೆಯ ಹಳೆಯ ತೂತುಗಳಿಗೆ ಪುಟ್ಟಿ ತುಂಬಿ, ಮರಳು ಕಾಗದ ಉಜ್ಜಿ, ಹೊಳಪಿಲ್ಲದ ಬಿಳಿ ಎಮಲ್ಷನ್ ಬಳಿಯಿರಿ. ಬಣ್ಣ ಬಳಿದು ಕನಿಷ್ಠ ಮೂರು ದಿನ ಬಿಡಬೇಕು. ಹಸಿ ಬಣ್ಣಕ್ಕೆ ಕ್ಯಾನ್ವಾಸಿನ ಅಂಚು ಅಂಟಿಕೊಂಡರೆ ಬಿಡಿಸುವಾಗ ಗೋಡೆಯ ಪದರವೇ ಕಿತ್ತು ಬರುತ್ತದೆ.

ಸ್ಟುಡಿಯೊದಿಂದ ಗ್ಯಾಲರಿಗೆ ತರುವಾಗ ಬಬಲ್ ರ‍್ಯಾಪನ್ನು ನೇರವಾಗಿ ಚಿತ್ರದ ಮೇಲೆ ಸುತ್ತಬೇಡಿ. ಅಕ್ರಿಲಿಕ್ ಬಿಸಿಲಿಗೆ ಮೆತ್ತಗಾಗುತ್ತದೆ, ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಮೂಡಿ ಅಲ್ಲೇ ಉಳಿಯುತ್ತದೆ. ಮೊದಲು ಗ್ಲಾಸೀನ್ ಹಾಳೆ (ನುಣುಪಾದ ತೆಳು ಕಾಗದ), ಅದರ ಮೇಲೆ ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್. ದಪ್ಪಗೆ ಬಳಿದ ಎಣ್ಣೆಬಣ್ಣವಂತೂ ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ಅಂಥದ್ದನ್ನು ಸುತ್ತದೆ, ಮುಖಕ್ಕೆ ಏನೂ ತಾಗದಂತೆ ಬಿಡಿಬಿಡಿಯಾಗಿಯೇ ಸಾಗಿಸಿ. ಪ್ರದರ್ಶನಕ್ಕೆ ಹೊಳೆಯಲಿ ಎಂದು ಅದಕ್ಕೆ ಅವಸರದಲ್ಲಿ ವಾರ್ನಿಷ್ ಹೊಡೆಯುವುದೂ ಬೇಡ.

ತೂಗುಹಾಕುವುದು

ಇಲ್ಲಿಂದ ನಿಧಾನ. ಚಿತ್ರಗಳನ್ನೆಲ್ಲ ಅವುಗಳ ಗೋಡೆಯ ಬುಡದಲ್ಲಿ, ಫೋಮ್ ಅಥವಾ ರಟ್ಟಿನ ತುಂಡಿನ ಮೇಲೆ ಒರಗಿಸಿಡಿ. ಕ್ರಮ ಬದಲಿಸುವುದಿದ್ದರೆ ಈಗಲೇ ಬದಲಿಸಿ, ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಮತ್ತೆ ನೋಡಿ. ಡ್ರಿಲ್ ಕೈಗೆ ಬಂದ ಮೇಲೆ ಕ್ರಮದ ಚರ್ಚೆ ಇರಬಾರದು.

ಎತ್ತರಕ್ಕೆ ಒಂದೇ ನಿಯಮ: ಪ್ರತಿ ಚಿತ್ರದ ನಡುಬಿಂದು ನೆಲದಿಂದ 58 ಇಂಚಿಗೆ ಬರಲಿ. ಗ್ಯಾಲರಿಗಳಲ್ಲಿ 57ರಿಂದ 60 ಇಂಚು ವಾಡಿಕೆ, ಅದು ನಿಂತು ನೋಡುವವರ ಸರಾಸರಿ ಕಣ್ಣಿನ ಮಟ್ಟ. ಎಷ್ಟೇ ಆರಿಸಿಕೊಂಡರೂ ಇಡೀ ಪ್ರದರ್ಶನಕ್ಕೆ ಅದೊಂದೇ ಇರಬೇಕು. ಚಿತ್ರಗಳ ಮೇಲಂಚನ್ನು ಒಂದೇ ಗೆರೆಗೆ ತರುವವರಿದ್ದಾರೆ. ಅಳತೆಗಳು ಬೇರೆಬೇರೆಯಾಗಿದ್ದಾಗ ಹಾಗೆ ಮಾಡಿದರೆ ಚಿಕ್ಕ ಚಿತ್ರಗಳು ತಲೆಯ ಮೇಲಕ್ಕೆ ಹೋಗುತ್ತವೆ.

ಗೆರೆಯನ್ನು ಲೇಸರ್ ಲೆವೆಲ್‌ನಿಂದ ಹಾಕಿ. ಅದಿಲ್ಲದಿದ್ದರೆ ಗೋಡೆಯ ನಡುವೆ ಒಂದು ಕಡೆ ಮಾತ್ರ ನೆಲದಿಂದ 58 ಇಂಚು ಅಳೆದು, ಅಲ್ಲಿಂದ ಎರಡೂ ತುದಿಗೆ ದಾರ ಎಳೆದು ರಸಮಟ್ಟ ಹಿಡಿದು ಸರಿಪಡಿಸಿ. ಪ್ರತಿ ಚಿತ್ರಕ್ಕೂ ನೆಲದಿಂದ ಅಳೆಯಬೇಡಿ. ನೆಲ ಎಲ್ಲೂ ಪೂರ್ತಿ ಸಮತಟ್ಟಾಗಿರುವುದಿಲ್ಲ, ಅದರ ಇಳಿಜಾರೆಲ್ಲ ನಿಮ್ಮ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಬಡಗಿಗಳು ಗೆರೆ ಹಾಕಲು ಬಳಸುವ ನೀಲಿ ಪುಡಿಯ ದಾರವೂ ಬೇಡ, ಹೊಸ ಬಿಳಿ ಗೋಡೆಯಿಂದ ಆ ನೀಲಿ ಸುಲಭವಾಗಿ ಹೋಗುವುದಿಲ್ಲ.

ಈಗ ಹುಕ್ಕಿನ ಲೆಕ್ಕ. ಫ್ರೇಮಿನ ಎತ್ತರದ ಅರ್ಧವನ್ನು 58ಕ್ಕೆ ಕೂಡಿಸಿ. ಫ್ರೇಮಿನ ಹಿಂಬದಿಗೆ ಕಟ್ಟಿದ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಎಳೆದಾಗ ಅದು ಫ್ರೇಮಿನ ಮೇಲಂಚಿನಿಂದ ಎಷ್ಟು ಕೆಳಗಿದೆ ನೋಡಿ, ಅದನ್ನು ಕಳೆಯಿರಿ. ಚಿತ್ರ 36 ಇಂಚು ಎತ್ತರ, ತಂತಿ 4 ಇಂಚು ಕೆಳಗೆ ಎಂದಿಟ್ಟುಕೊಳ್ಳಿ: 58ಕ್ಕೆ 18 ಸೇರಿಸಿದರೆ 76, ಅದರಲ್ಲಿ 4 ಕಳೆದರೆ 72. ಹುಕ್ಕು ಬರಬೇಕಾದದ್ದು 72 ಇಂಚಿಗೆ.

ಎಡವುವುದು ಎರಡು ಕಡೆ. ತಂತಿಯನ್ನು ಎಳೆಯದೆ, ಜೋತುಬಿದ್ದ ಸ್ಥಿತಿಯಲ್ಲೇ ಅಳೆದರೆ ಚಿತ್ರ ಲೆಕ್ಕಕ್ಕಿಂತ ಕೆಳಗೆ ಕೂರುತ್ತದೆ. ಇನ್ನೊಂದು, 72 ಇಂಚು ಎಂಬುದು ತಂತಿ ಕೂರುವ ಹುಕ್ಕಿನ ತಳದ ಅಳತೆ. ಮೊಳೆಯ ತೂತು ಅದಕ್ಕಿಂತ ಮೇಲಿರುತ್ತದೆ. ಪೆನ್ಸಿಲ್ ಗುರುತಿಗೆ ಹುಕ್ಕಿನ ತಳವನ್ನು ಹಿಡಿದು, ಆಮೇಲೆ ಮೊಳೆಯ ಜಾಗ ಗುರುತಿಸಿ.

ಒಂದು ಚಿತ್ರಕ್ಕೆ ಎರಡು ಹುಕ್ಕು, ಇದರಲ್ಲಿ ರಾಜಿ ಬೇಡ. ಒಂದೇ ಹುಕ್ಕಿನ ಚಿತ್ರ ಬಾಗಿಲು ಹಾಕಿದ ಅದುರಿಗೂ ವಾಲುತ್ತದೆ. ಎರಡರ ನಡುವೆ ಫ್ರೇಮಿನ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಅಂತರವಿರಲಿ, ತಂತಿಯನ್ನೂ ಅದೇ ಎರಡು ಜಾಗದಲ್ಲಿ ಎರಡು ಬೆರಳಿನಿಂದ ಎಳೆದು ಅಳೆಯಿರಿ. ಡಿ-ರಿಂಗ್‌ಗಳು (ತಂತಿ ಕಟ್ಟಲು ಫ್ರೇಮಿನ ಹಿಂದೆ ಕೂರಿಸುವ ಲೋಹದ ಬಳೆಗಳು) ಮೇಲಂಚಿನಿಂದ ಫ್ರೇಮಿನ ಎತ್ತರದ ಮೂರನೇ ಒಂದು ಭಾಗ ಕೆಳಗಿರಲಿ. ಅವನ್ನು ಕೂರಿಸುವ ಸ್ಕ್ರೂ ಫ್ರೇಮಿನ ದಪ್ಪಕ್ಕಿಂತ ಗಿಡ್ಡವಿದೆಯೇ ನೋಡಿಕೊಳ್ಳಿ, ಮುಂದೆ ತೂತು ಬಿದ್ದ ಮೇಲೆ ಮಾಡುವುದೇನೂ ಇಲ್ಲ. ತಂತಿ ವೀಣೆಯ ತಂತಿಯಂತೆ ಬಿಗಿದಿದ್ದರೆ ಫ್ರೇಮಿನ ಎರಡು ಬದಿಯನ್ನೂ ಒಳಕ್ಕೆ ಜಗ್ಗಿ ಮೂಲೆ ಬಿಡಿಸುತ್ತದೆ, ಸ್ವಲ್ಪ ಸಡಿಲವಿರಲಿ. ನೈಲಾನ್ ದಾರ ಭಾರಕ್ಕೆ ಹಿಗ್ಗಿ ದಿನದಿನಕ್ಕೆ ಚಿತ್ರವನ್ನು ಇಳಿಸುತ್ತದೆ, ಹೆಣೆದ ಲೋಹದ ತಂತಿಯನ್ನೇ ತನ್ನಿ. 10 ಕಿಲೋ ದಾಟಿದ ಚಿತ್ರಕ್ಕೆ ತಂತಿಯೇ ಬೇಡ, ಡಿ-ರಿಂಗ್‌ಗಳನ್ನು ಎರಡು ಸ್ಕ್ರೂಗಳ ಮೇಲೆ ನೇರ ಕೂರಿಸಿ. ಇಟ್ಟಿಗೆ ಗೋಡೆಯಾದರೆ ಸ್ಕ್ರೂಗೆ ರಾಲ್ ಪ್ಲಗ್ (ಸ್ಕ್ರೂ ಬಿಗಿಯಾಗಿ ಕಚ್ಚಿಕೊಳ್ಳಲು ತೂತಿಗೆ ತೂರಿಸುವ ಕೊಳವೆ) ಕಡ್ಡಾಯ.

ಅಂಗಡಿಗಳಲ್ಲಿ ಸಿಗುವ ಎರಡೂ ಬದಿ ಅಂಟುವ ಫೋಮ್ ಟೇಪನ್ನು ಚಿತ್ರಗಳ ಹತ್ತಿರಕ್ಕೂ ತರಬೇಡಿ. ಪೊಟ್ಟಣದ ಮೇಲೆ ಎಷ್ಟು ಕಿಲೋ ಎಂದು ಬರೆದಿದ್ದರೂ ಸೆಕೆಗೆ ಅಂಟು ಸಡಿಲಗೊಂಡು ಚಿತ್ರ ನಡುರಾತ್ರಿ ಕೆಳಗೆ ಬೀಳುತ್ತದೆ. ಬೀಳದಿದ್ದರೆ ತೆಗೆಯುವಾಗ ಗೋಡೆಯ ಬಣ್ಣವನ್ನು ಹೊತ್ತೊಯ್ಯುತ್ತದೆ.

ಚಿತ್ರಗಳ ನಡುವಿನ ಅಂತರಕ್ಕೂ ಲೆಕ್ಕವಿದೆ. 16 ಅಡಿ ಗೋಡೆ ಎಂದರೆ 192 ಇಂಚು. ತಲಾ 30 ಇಂಚಿನ ನಾಲ್ಕು ಚಿತ್ರಗಳು 120 ಇಂಚು ತೆಗೆದುಕೊಂಡರೆ ಉಳಿಯುವುದು 72. ಅದನ್ನು ಐದು ಪಾಲು ಮಾಡಿ ಹಂಚುವುದು ಎಲ್ಲರ ಅಭ್ಯಾಸ. ಅದರ ಬದಲು ನಡುವಿನ ಮೂರು ಅಂತರಕ್ಕೆ ತಲಾ 10 ಇಂಚು ಕೊಟ್ಟು, ಉಳಿದ 42ನ್ನು ಎರಡು ತುದಿಗೆ 21ರಂತೆ ಬಿಡಿ. ನಾಲ್ಕೂ ಒಬ್ಬರದೇ ಸರಣಿ ಎಂಬುದು ಆಗ ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಒಬ್ಬ ವಿದ್ಯಾರ್ಥಿಯ ಕೊನೆಯ ಚಿತ್ರಕ್ಕೂ ಮುಂದಿನವರ ಮೊದಲ ಚಿತ್ರಕ್ಕೂ ನಡುವೆ ಕನಿಷ್ಠ 2 ಅಡಿ ಖಾಲಿ ಗೋಡೆ ಇರಲೇಬೇಕು.

ಫ್ರೇಮಿಲ್ಲದ ಕಾಗದದ ಕೃತಿಗಳಿಗೆ ಅಗಲ ತಲೆಯ ಕಬ್ಬಿಣದ ಮೊಳೆ ಹೊಡೆದು, ಅದರ ಮೇಲೆ ಹಾಳೆ ಇಟ್ಟು, ಮುಂದಿನಿಂದ ಚಿಕ್ಕ ಆಯಸ್ಕಾಂತ ಕೂರಿಸಿದರೆ ಹಾಳೆಗೆ ತೂತಿಲ್ಲ, ಅಂಟಿಲ್ಲ. ಹಾಳೆಯನ್ನು ಬೋರ್ಡಿಗೆ ಕೂರಿಸಿ ಮೌಂಟ್ ಮಾಡುವುದಾದರೆ ಆಮ್ಲರಹಿತ ಬೋರ್ಡು, ಗೋಧಿ ಗಂಜಿ, ಜಪಾನಿ ಕಾಗದದ ಪಟ್ಟಿ. ಸೆಲ್ಲೋಟೇಪ್ ಹಳದಿಯಾಗಿ ಹಾಳೆಯೊಳಕ್ಕೆ ಇಳಿಯುತ್ತದೆ.

ಶಿಲ್ಪ, ವಿಡಿಯೊ

ಚಿಕ್ಕ ಶಿಲ್ಪಗಳಿಗೆ 36ರಿಂದ 42 ಇಂಚು ಎತ್ತರದ ಪೀಠ ಸಾಕು. ಟೊಳ್ಳು ಪೀಠದೊಳಗೆ ಮರಳಿನ ಚೀಲ ಇಟ್ಟರೆ ಯಾರ ಭುಜ ತಾಗಿದರೂ ಉರುಳುವುದಿಲ್ಲ. ಗಾಲಿಕುರ್ಚಿ ಬರುವಂತೆ ಎಲ್ಲ ಕಡೆ 3 ಅಡಿಗೂ ಹೆಚ್ಚು ದಾರಿ ಬಿಡಿ. ವಿಡಿಯೊ ಇದ್ದರೆ ಹೆಡ್‌ಫೋನ್ ಕೊಡಿ, ಇಲ್ಲವಾದರೆ ಒಬ್ಬರ ಸದ್ದು ಹತ್ತು ಜನರ ಕೃತಿಯ ಮೇಲೆ ಹರಿಯುತ್ತದೆ. ಕರೆಂಟ್ ಹೋಗಿ ಬಂದಾಗ ವಿಡಿಯೊ ತಾನಾಗಿ ಶುರುವಾಗುತ್ತದೆಯೇ ಎಂದು ಪ್ಲಗ್ ಕಿತ್ತು ಪರೀಕ್ಷಿಸಿ.

ಬೆಳಕು, ಚೀಟಿ

ಲೈಟುಗಳ ಕಿರಣ ಲಂಬರೇಖೆಯಿಂದ 30 ಡಿಗ್ರಿ ಕೋನದಲ್ಲಿ ಬೀಳಬೇಕು. ಲೈಟಿನ ಎತ್ತರದಿಂದ 58 ಕಳೆದು 0.58ರಿಂದ ಗುಣಿಸಿದರೆ ಅದು ಗೋಡೆಯಿಂದ ಎಷ್ಟು ದೂರವಿರಬೇಕೆಂದು ಸಿಗುತ್ತದೆ. 120 ಇಂಚು ಎತ್ತರದ ಲೈಟಿಗೆ ಸುಮಾರು 36 ಇಂಚು. ಇನ್ನೂ ದೂರ ಹೋದರೆ ನೋಡುವವರ ನೆರಳು ಚಿತ್ರದ ಮೇಲೆ ಬೀಳುತ್ತದೆ, ಗಾಜು ಹೊಳೆಯುತ್ತದೆ. ತೀರಾ ಹತ್ತಿರವಾದರೆ ಫ್ರೇಮಿನ ನೆರಳು ಕೆಳಗೆ ಉದ್ದಕ್ಕೆ ಚಾಚುತ್ತದೆ. ಬಲ್ಬುಗಳ ಬಣ್ಣತೋರಿಕೆ ಸೂಚ್ಯಂಕ (CRI, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) 90ಕ್ಕಿಂತ ಹೆಚ್ಚಿರಲಿ, ಎಲ್ಲದರ ಬೆಳಕಿನ ಬಣ್ಣವೂ 3000 ಕೆಲ್ವಿನ್ (ಬೆಚ್ಚನೆಯ ಬಿಳಿ) ಇರಲಿ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಮಂಕಾಗುತ್ತದೆ.

ಚೀಟಿ ಅಂಟಿಸುವುದು ಕೊನೆಗೆ, ಚಿತ್ರದ ಬಲಬದಿಗೆ, ಎಲ್ಲವೂ ಒಂದೇ ಎತ್ತರದಲ್ಲಿ. ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದಾದರೆ ಹಿರಿಯರು ಚಿತ್ರಕ್ಕೆ ಮೂಗು ತಾಗಿಸಿ ಓದಬೇಕಾಗುತ್ತದೆ. ಅಚ್ಚಿಗೆ ಕಳಿಸುವ ಮುನ್ನ ಪ್ರತಿ ವಿದ್ಯಾರ್ಥಿಗೂ ಅವರವರ ಚೀಟಿ ತೋರಿಸಿ ಸಹಿ ಹಾಕಿಸಿಕೊಳ್ಳಿ. ಹೆಸರಿನ ಕಾಗುಣಿತ ತಪ್ಪಿದ ಚೀಟಿ ಆ ವಿದ್ಯಾರ್ಥಿಯ ಮನೆಯವರ ಕಣ್ಣಿಗೇ ಮೊದಲು ಬೀಳುತ್ತದೆ.

ಇಳಿಸುವ ದಿನವನ್ನೂ ಈಗಲೇ ನಿಗದಿ ಮಾಡಿ. ಮಾರಾಟವಾದ ಕೃತಿಗಳನ್ನು ಬೇರೆ ಇಟ್ಟು, ಉಳಿದವನ್ನು ಅದೇ ಪಟ್ಟಿ ಹಿಡಿದು ಒಂದೊಂದಾಗಿ ವಿದ್ಯಾರ್ಥಿಗಳ ಕೈಗೇ ಒಪ್ಪಿಸಿ, ಪಡೆದುಕೊಂಡದ್ದಕ್ಕೆ ಸಹಿ ಮಾಡಿಸಿ. ಹುಕ್ಕುಗಳನ್ನು ಅಳತೆವಾರು ಡಬ್ಬಿಗಳಲ್ಲಿ ತುಂಬಿ, ತೂತುಗಳಿಗೆ ಅಂದೇ ಪುಟ್ಟಿ ಹಾಕಿಬಿಡಿ.